ಅಳಿಯನ ಬಿಯರ್, ಅತ್ತೆಯ ಬಾಣಲೆ

ನಾನು ಬಿಯರ್ ಕ್ಯಾನನ್ನು ಮೊದಲ ಸಲ ಕೈಯಲ್ಲಿ ಹಿಡಿದದ್ದು ಅರವತ್ತಮೂರನೇ ವಯಸ್ಸಿನಲ್ಲಿ, ಇಂಗ್ಲೆಂಡಿನ ಲೀಡ್ಸ್ ಊರಿನಲ್ಲಿ, ಮಗಳ ಅಡುಗೆಮನೆಯಲ್ಲಿ. ಕುಡಿಯಲಿಕ್ಕಲ್ಲ ಮಾರಾಯ್ರೆ, ಮೀನು ಕಾಯಿಸಲಿಕ್ಕೆ. ಮಗಳ ಎರಡನೇ ಬಾಣಂತನಕ್ಕೆ ಅಂತ ಕುಂದಾಪುರದಿಂದ ಹೋದವಳು ಆರು ತಿಂಗಳು ಅಲ್ಲೇ ಇದ್ದೆ. ಶುಕ್ರವಾರ ಬಂತೆಂದರೆ ಅಳಿಯ ಪೇಟೆಯಿಂದ ಫಿಶ್ ಅಂಡ್ ಚಿಪ್ಸ್, ಅಂದರೆ ಹಿಟ್ಟಿನಲ್ಲಿ ಅದ್ದಿ ಕರಿದ ಮೀನು ಮತ್ತು ಉದ್ದುದ್ದ ಹೆಚ್ಚಿ ಕರಿದ ಬಟಾಟೆ, ಕಟ್ಟಿಸಿಕೊಂಡು ಬರುತ್ತಿದ್ದ. ಅಂಗೈಗಿಂತ ದೊಡ್ಡ ತುಂಡು, ಮೇಲೆ ಹೊಂಬಣ್ಣದ ಚಿಪ್ಪು. ಆದರೆ ಮನೆ ಮುಟ್ಟುವ ಹೊತ್ತಿಗೆ ಪೊಟ್ಟಣದೊಳಗಿನ ಹಬೆಗೆ ಅದು ಅರ್ಧ ಮೆತ್ತಗಾಗಿರುತ್ತಿತ್ತು. ‘ಮನೆಯಲ್ಲೇ ಮಾಡುವ ಅತ್ತೆ, ಬಿಯರ್ ನಾನು ತರ್ತೇನೆ’ ಅಂದ.

ನಲವತ್ತು ವರ್ಷ ಮೀನು ಕಾಯಿಸಿದ ಕೈ ಇದು, ನನಗೆ ಯಾರು ಹೇಳಿಕೊಡಬೇಕು ಅಂತ ಧೈರ್ಯ. ಬ್ಯಾಡಗಿ ಮೆಣಸು, ಹುಣಸೆಹುಳಿ, ಅರಿಶಿನ, ಉಪ್ಪು ಅರೆದು ಮೀನಿಗೆ ಸವರಿದೆ. ಅರ್ಧ ಗಂಟೆ ಬಿಟ್ಟು ಮೈದಾ-ಬಿಯರ್ ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಟ್ಟೆ. ಹಾವು ಪೊರೆ ಬಿಟ್ಟ ಹಾಗೆ ಹಿಟ್ಟು ಒಂದು ಕಡೆ, ಮೀನು ಇನ್ನೊಂದು ಕಡೆ. ಕಳಚಿದ ಮಸಾಲೆ ಎಣ್ಣೆಯಲ್ಲಿ ಕರಟಿ ಘಾಟು ಎದ್ದಿತು. ಅಲ್ಲಿ ಮನೆಗಳ ಸೂರಿಗೆ ಹೊಗೆ ಕಂಡರೆ ಕಿರುಚುವ ಯಂತ್ರ ಹೊಡೆದಿರುತ್ತಾರೆ. ಅದು ಶುರು ಮಾಡಿತು. ಕೂಸು ಎದ್ದು ಅಳು. ದೊಡ್ಡ ಮೊಮ್ಮಗ ಕುರ್ಚಿ ಹತ್ತಿ ಟವೆಲ್ ಬೀಸಿದ್ದೇ ಬೀಸಿದ್ದು. ಪಕ್ಕದ ಮನೆಯ ಅಜ್ಜಿ, ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು, ಏನೋ ಆಯಿತೆಂದು ಓಡಿ ಬಂದರು.

ಅವರ ಇಂಗ್ಲಿಷ್ ನನಗೆ ಅರ್ಧ ತಿಳಿಯುತ್ತಿರಲಿಲ್ಲ, ನನ್ನದು ಅವರಿಗೆ ಪೂರ್ತಿ. ಆದರೆ ಅಡುಗೆಮನೆಗೆ ಭಾಷೆ ಎಷ್ಟು ಬೇಕು? ಅವರು ಬಾಣಲೆ ಕಡೆ ನೋಡಲೇ ಇಲ್ಲ. ತಟ್ಟೆಯಲ್ಲಿ ಉಳಿದಿದ್ದ ಒಂದು ಬಿಳಿ ತುಂಡನ್ನು ಎತ್ತಿ ಟಿಶ್ಯೂ ಕಾಗದದ ನಡುವೆ ಇಟ್ಟು ಅಂಗೈಯಿಂದ ಒತ್ತಿದರು. ಕಾಗದ ತೆಗೆದು ನನ್ನ ಮುಖದೆದುರು ಹಿಡಿದರು. ತೊಪ್ಪೆ ಒದ್ದೆ! ಇನ್ನೊಂದು ಕಾಗದ, ಮತ್ತೆ ಒತ್ತಿದರು, ಮತ್ತೆ ಒದ್ದೆ. ಮೂರನೆಯದು ಒಣಗಿ ಬಂದಾಗಲೇ ಅವರಿಗೆ ಸಮಾಧಾನ. ನನ್ನ ತಪ್ಪು ಅಲ್ಲೇ ಗೊತ್ತಾಯಿತು.

ನಮ್ಮ ಮೀನು ಫ್ರೈಗೆ ಮಸಾಲೆಯೇ ಅಂಗಿ. ಇದಕ್ಕೆ ಹಿಟ್ಟೇ ಅಂಗಿ. ಎರಡನ್ನೂ ಒಂದರ ಮೇಲೊಂದು ತೊಡಿಸಲಿಕ್ಕೆ ಹೋಗಬೇಡಿ. ಖಾರ ಬೇಕೇ ಬೇಕು ಅನ್ನುವವರು ಒಣ ಮೆಣಸಿನ ಪುಡಿ, ಕಾಳುಮೆಣಸಿನ ಪುಡಿಯನ್ನು ಹಿಟ್ಟಿಗೇ ಸೇರಿಸಿ. ಮೀನಿಗೆ ಬರೀ ಉಪ್ಪು. ಉಪ್ಪು ಹಚ್ಚಿ ಕಾಲು ಗಂಟೆ ಫ್ರಿಜ್ಜಿನಲ್ಲಿಡಿ. ಉಪ್ಪು ಮೀನಿನ ನೀರನ್ನು ಹೊರಗೆ ಎಳೆಯುತ್ತದೆ, ಮೀನು ಸ್ವಲ್ಪ ಬಿಗಿಯಾಗುತ್ತದೆ. ಆಮೇಲೆ ಒತ್ತಿ ಒತ್ತಿ ಒರೆಸಿ. ಇಷ್ಟು ಮಾಡಿದರೆ ಅರ್ಧ ಕೆಲಸ ಮುಗಿದ ಹಾಗೆ.

ಯಾವ ಮೀನು? ಲೀಡ್ಸ್ ಇರುವ ಯಾರ್ಕ್‌ಶೈರ್ ಸೀಮೆಯವರಿಗೆ ಹ್ಯಾಡಕ್ಕೇ ಆಗಬೇಕು, ಲಂಡನ್ ಕಡೆಯವರಿಗೆ ಕಾಡ್. ನಮ್ಮಲ್ಲಿ ಬಂಗುಡೆ ಪಕ್ಷ, ಬೂತಾಯಿ ಪಕ್ಷ ಇರುವ ಹಾಗೆ. ಎರಡೂ ಬಿಳಿ ಮಾಂಸದ, ಕೊಬ್ಬು ಕಡಿಮೆಯ ಮೀನುಗಳು. ಊರಿಗೆ ಬಂದ ಮೇಲೆ ನಾನು ಮುರು ಮೀನಿನಲ್ಲಿ ಮಾಡಿ ನೋಡಿದೆ, ಅದೇ ಎಲ್ಲಕ್ಕಿಂತ ಚೆನ್ನಾಯಿತು. ಕಾಣೆಯೂ ಆಗುತ್ತದೆ, ನಡು ಮುಳ್ಳು ಬಿಡಿಸಿ ಕೊಡಲು ಮೀನಿನವಳಿಗೆ ಹೇಳಿ. ಅಂಜಲ್ ಆದೀತು, ಆದರೆ ಉರುಟು ಹೋಳು ಬೇಡ, ಮುಳ್ಳು ತೆಗೆದ ಉದ್ದ ತುಂಡು ಬೇಕು. ಬಂಗುಡೆ, ಬೂತಾಯಿಯನ್ನು ದಯವಿಟ್ಟು ಇದಕ್ಕೆ ತರಬೇಡಿ. ಅವುಗಳ ಎಣ್ಣೆ, ಅವುಗಳ ಗಟ್ಟಿ ರುಚಿ ನಮ್ಮ ಮೆಣಸು-ಹುಳಿಗೇ ಹೊಂದುವುದು. ಮಾಂಜಿಯನ್ನು ಹಿಟ್ಟಿನೊಳಗೆ ಮುಚ್ಚಿಡುವುದಂತೂ ದುಡ್ಡು ಹಾಳು. ಜೂನ್, ಜುಲೈ ಎರಡು ತಿಂಗಳು ದೋಣಿ ಕಡಲಿಗೆ ಇಳಿಯದಾಗ ಫ್ರೀಜರಿನ ಬಾಸಾ ಮೀನೇ ಗತಿ. ಅದರಲ್ಲಿ ನೀರು ಜಾಸ್ತಿ. ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ತಟ್ಟಿನಲ್ಲಿ ಕರಗಲು ಬಿಡಿ, ಮತ್ತೆ ಒರೆಸುವಾಗ ಆ ಅಜ್ಜಿಯನ್ನು ನೆನೆಸಿಕೊಳ್ಳಿ.

ತುಂಡು ಒಂದೂವರೆ, ಎರಡು ಸೆಂಟಿಮೀಟರ್ ದಪ್ಪ ಇದ್ದರೆ ಸರಿ. ಅದಕ್ಕಿಂತ ತೆಳುವಾದರೆ ಚಿಪ್ಪು ಕೆಂಪಾಗುವಷ್ಟರಲ್ಲಿ ಮೀನು ಒಣಗುತ್ತದೆ.

ಈಗ ಹಿಟ್ಟು. ನಾಲ್ಕು ದೊಡ್ಡ ತುಂಡಿಗೆ ಮೈದಾ 200 ಗ್ರಾಂ, ಅಕ್ಕಿ ಹಿಟ್ಟು 50 ಗ್ರಾಂ, ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಉಪ್ಪು ಒಂದು ಚಮಚ. ಅಕ್ಕಿ ಹಿಟ್ಟು ಆ ಅಜ್ಜಿಯದಲ್ಲ, ನನ್ನದು. ನಮ್ಮ ನೀರುಳ್ಳಿ ಬಜೆಗೆ ಒಂದು ಮುಷ್ಟಿ ಅಕ್ಕಿ ಹಿಟ್ಟು ಹಾಕಿದರೆ ಹೇಗೆ ಗರಿಗರಿ ನಿಲ್ಲುತ್ತದೋ ಇಲ್ಲೂ ಹಾಗೇ. ಅವರೂ ತಿಂದು ತಲೆ ಆಡಿಸಿದರು. ಬಿಯರ್ ಅಂದಾಜು 280 ಮಿಲಿಲೀಟರ್ ಹಿಡಿಯುತ್ತದೆ. 330ರ ಕ್ಯಾನಿನಲ್ಲಿ ಸ್ವಲ್ಪ ಉಳಿಯುತ್ತದಲ್ಲ, ಅದು ಅಳಿಯನ ಪಾಲು.

ಬಿಯರ್ ಯಾವ ಬ್ರಾಂಡಿನದಾದರೂ ನಡೆಯುತ್ತದೆ, ಲಾಗರ್ ಅನ್ನುವ ತೆಳು ಬಣ್ಣದ ಬಿಯರ್ ಆದರೆ ಸಾಕು. ಕಪ್ಪು ಬಿಯರ್ ಕಹಿ ಬಿಡುತ್ತದೆ. ಬ್ರಾಂಡಿಗಿಂತ ಮುಖ್ಯ ಅದು ಐಸಿನ ಹಾಗೆ ತಣ್ಣಗಿರಬೇಕು, ಆಗಷ್ಟೇ ತೆರೆದಿರಬೇಕು. ರಾತ್ರಿ ಅರ್ಧ ಕುಡಿದಿಟ್ಟ ಬಾಟಲಿ ಬೇಡ. ನಮಗೆ ಬೇಕಾದದ್ದು ಅದರೊಳಗಿನ ಗಾಳಿ. ಬಿಸಿ ಎಣ್ಣೆಗೆ ಬಿದ್ದ ಕೂಡಲೇ ಆ ಗುಳ್ಳೆಗಳು ಹಿಗ್ಗಿ ಹಿಟ್ಟಿನೊಳಗೆ ಸಣ್ಣ ಸಣ್ಣ ಪೊಟರೆ ಮಾಡುತ್ತವೆ, ಅದರಿಂದಲೇ ಚಿಪ್ಪು ಹಗುರ. ದ್ರವ ತಣ್ಣಗಿದ್ದಷ್ಟೂ ಆ ಗಾಳಿ ಒಳಗೇ ಉಳಿಯುತ್ತದೆ. ಇನ್ನೊಂದು, ಅದರಲ್ಲಿರುವ ಆಲ್ಕೋಹಾಲ್ 78 ಡಿಗ್ರಿಗೇ ಕುದಿಯುತ್ತದೆ, ನೀರಿಗೆ 100 ಬೇಕು. ಹಾಗಾಗಿ ಚಿಪ್ಪು ಬೇಗ ಒಣಗುತ್ತದೆ. ಮೈದಾದ ಜಿಗುಟನ್ನೂ ಅದು ಸ್ವಲ್ಪ ತಡೆಯುತ್ತದೆ. ಕಂದು ಬಣ್ಣ, ಒಂದು ಥರದ ಬ್ರೆಡ್ಡಿನ ಪರಿಮಳ, ಅದು ಬಾರ್ಲಿ ಮೊಳಕೆಯದು.

ಹಿಟ್ಟು ಕಲಸುವುದು ಎಲ್ಲ ಮುಗಿದ ಮೇಲೆ, ಎಣ್ಣೆ ಕಾದ ಮೇಲೆ. ನಾವು ದೋಸೆ ಹಿಟ್ಟು ನೆನೆಯಲು ಬಿಡುವವರು, ಇಲ್ಲಿ ಆ ಅಭ್ಯಾಸ ಬಿಡಬೇಕು. ಬಿಯರ್ ಸುರಿದು ಫೋರ್ಕಿನಿಂದ ಹತ್ತು-ಹದಿನೈದು ಸುತ್ತು, ಅಷ್ಟೇ. ಗಂಟು ಉಳಿದರೆ ಉಳಿಯಲಿ. ಗಂಟು ಒಡೆಯುತ್ತಾ ಕೂತರೆ ಮೈದಾ ಪರೋಟದ ಹಿಟ್ಟಿನ ಹಾಗೆ ಎಳೆತ ಹಿಡಿದು ಚಿಪ್ಪು ಚರ್ಮವಾಗುತ್ತದೆ, ಗಾಳಿಯೂ ಹೋಗುತ್ತದೆ. ಹದ ಹೇಳಬೇಕಾದರೆ ನೀರ್‌ದೋಸೆಗಿಂತ ತುಂಬ ದಪ್ಪ, ಇಡ್ಲಿ ಹಿಟ್ಟಿಗಿಂತ ತೆಳು. ಬೆರಳು ಅದ್ದಿ ತೆಗೆದರೆ ಬೆರಳು ಕಾಣಬಾರದು, ತುದಿಯಿಂದ ಹಿಟ್ಟು ನಿಧಾನ ತೊಟ್ಟಿಕ್ಕಬೇಕು. ಪಾತ್ರೆಯನ್ನು ಐಸ್ ನೀರಿನ ತಟ್ಟೆಯಲ್ಲಿ ಇಟ್ಟುಕೊಂಡರೆ ನಮ್ಮ ಊರಿನ ಸೆಕೆಗೆ ಒಳ್ಳೆಯದು.

ಎಣ್ಣೆ ಸೂರ್ಯಕಾಂತಿಯದೋ ಶೇಂಗಾದ್ದೋ ಇರಲಿ. ಗಾಣದ ತೆಂಗಿನೆಣ್ಣೆ ಇಷ್ಟು ಬಿಸಿಗೆ ಹೊಗೆಯಾಡುತ್ತದೆ, ಪರಿಮಳವೂ ಬೇರೆ ದಾರಿ ಹಿಡಿಯುತ್ತದೆ. ಆಳದ ಬಾಣಲೆ ತಗೊಳ್ಳಿ, ಅರ್ಧಕ್ಕಿಂತ ಜಾಸ್ತಿ ಎಣ್ಣೆ ಬೇಡ, ಈ ಹಿಟ್ಟಿಗೆ ಎಣ್ಣೆ ಉಕ್ಕಿ ಮೇಲೆ ಬರುತ್ತದೆ. ಥರ್ಮಾಮೀಟರ್ ಇದ್ದರೆ 180ರಿಂದ 190 ಡಿಗ್ರಿ. ಇಲ್ಲವಾದರೆ ಒಂದು ಹನಿ ಹಿಟ್ಟು ಬಿಡಿ. ತಳ ಮುಟ್ಟಿ ಕೂತರೆ ಎಣ್ಣೆ ಕಾದಿಲ್ಲ. ಬಿದ್ದ ಕೂಡಲೇ ಕಪ್ಪಾದರೆ ಜಾಸ್ತಿಯಾಯಿತು. ಸ್ವಲ್ಪ ಮುಳುಗಿ ಚಟ್ಟನೆ ಮೇಲೆ ಬಂದು ಕುಣಿದರೆ ಸರಿ. ಪಕ್ಕದಲ್ಲಿ ಬಾಣಲೆಗೆ ಸರಿಯಾಗಿ ಕೂರುವ ಒಂದು ಮುಚ್ಚಳ ಇಟ್ಟುಕೊಳ್ಳಿ. ಅಪ್ಪಿತಪ್ಪಿ ಎಣ್ಣೆಗೆ ಬೆಂಕಿ ಹತ್ತಿದರೆ ಒಲೆ ಆರಿಸಿ ಮುಚ್ಚಳ ಮುಚ್ಚುವುದು, ನೀರು ಮಾತ್ರ ಸುರಿಯಬಾರದು.

ಒರೆಸಿದ ಮೀನನ್ನು ಮೊದಲು ಒಣ ಮೈದಾದಲ್ಲಿ ಹೊರಳಿಸಿ, ತಟ್ಟಿ ಕೊಡವಿ. ಆ ತೆಳು ಪುಡಿ ಇಲ್ಲದಿದ್ದರೆ ಹಿಟ್ಟಿಗೆ ಹಿಡಿದುಕೊಳ್ಳಲಿಕ್ಕೆ ಏನೂ ಇಲ್ಲ. ಆಮೇಲೆ ಹಿಟ್ಟಿನಲ್ಲಿ ಅದ್ದಿ, ಒಂದು ತುದಿ ಹಿಡಿದು ಎತ್ತಿ, ಹೆಚ್ಚಿನದು ಇಳಿಯಲು ಬಿಡಿ. ಇನ್ನು ಮುಖ್ಯ ಕೆಲಸ. ನಾವು ಪೋಡಿ (ಬಜ್ಜಿ) ಬಿಡುವ ಹಾಗೆ ಬಿಟ್ಟು ಕೈ ತೆಗೆಯಬಾರದು. ಕೆಳಗಿನ ತುದಿಯನ್ನು ಎಣ್ಣೆಗೆ ಮುಟ್ಟಿಸಿ, ನಿಮ್ಮಿಂದ ಆಚೆ ಕಡೆಗೆ ನಿಧಾನ ಇಳಿಸುತ್ತಾ, ಮೂರು ಎಣಿಸುವಷ್ಟು ಹೊತ್ತು ಆಚೆ ಈಚೆ ತೇಲಿಸಿ. ತಳದ ಹಿಟ್ಟು ಗಟ್ಟಿಯಾಗಿ ಮೀನು ತಾನೇ ತೇಲಲು ಶುರುವಾದಾಗ ಬಿಡಿ. ಹೀಗೆ ಮಾಡಿದರೆ ತಳ ಹಿಡಿಯುವುದಿಲ್ಲ, ಎಣ್ಣೆ ಮೈಮೇಲೆ ಹಾರುವುದೂ ಇಲ್ಲ. ಬಾಣಲೆಗೆ ಎರಡೇ ತುಂಡು. ನಾಲ್ಕೂ ಒಟ್ಟಿಗೆ ಹಾಕಿದಿರೋ, ಎಣ್ಣೆ ತಣ್ಣಗಾಗಿ ಚಿಪ್ಪು ಎಣ್ಣೆ ಕುಡಿಯುತ್ತದೆ.

ಮೇಲಿನ ಮೈಗೆ ಸೌಟಿನಿಂದ ಬಿಸಿ ಎಣ್ಣೆ ಹೊಯ್ಯುತ್ತಾ ಇರಿ, ನಡುವೆ ಒಮ್ಮೆ ತಿರುಗಿಸಿ. ಐದಾರು ನಿಮಿಷ ಬೇಕು. ಗಡಿಯಾರಕ್ಕಿಂತ ಕಿವಿ ಕೊಡುವುದು ಒಳ್ಳೆಯದು. ಮೊದಲು ಚೊರ್ರೋ ಅಂತ ದೊಡ್ಡ ಗಲಾಟೆ, ದೊಡ್ಡ ಗುಳ್ಳೆ. ಅದು ಹಿಟ್ಟಿನ ನೀರು ಹೋಗುವ ಸದ್ದು. ಆ ಸದ್ದು ಇಳಿದು ಗುಳ್ಳೆ ಸಣ್ಣದಾದಾಗ, ಬಣ್ಣ ಹಣ್ಣು ಅಡಿಕೆಯ ಸಿಪ್ಪೆಯ ಹಾಗೆ ಆದಾಗ ತೆಗೆಯಿರಿ. ತೂತಿನ ಸೌಟಿನಿಂದ ತಟ್ಟಿದರೆ ಟಕ್ ಅನ್ನಬೇಕು.

ತೆಗೆದು ಎಲ್ಲಿ ಹಾಕುತ್ತೀರಿ? ಪೇಪರಿನ ಮೇಲೆ, ಅಲ್ವಾ? ಅಲ್ಲೇ ಎಲ್ಲ ಹಾಳು. ಕೆಳಗಿನ ಹಬೆಗೆ ದಾರಿ ಇಲ್ಲದೆ ಒಂದು ನಿಮಿಷದಲ್ಲಿ ಅಡಿ ಮೆತ್ತಗಾಗುತ್ತದೆ. ಕೇಕ್ ಆರಿಸುವ ಕಂಬಿ ಸ್ಟ್ಯಾಂಡ್ ಇದ್ದರೆ ಅದರ ಮೇಲೆ ಇಡಿ, ಇಲ್ಲದಿದ್ದರೆ ಬೋರಲು ಹಾಕಿದ ಸ್ಟೀಲಿನ ತೂತು ಬುಟ್ಟಿಯಾದರೂ ಆಗುತ್ತದೆ. ವಾರ್ತಾಪತ್ರಿಕೆಯಂತೂ ಬೇಡವೇ ಬೇಡ, ಶಾಯಿ ಹೊಟ್ಟೆಗೆ ಹೋಗುತ್ತದೆ. ಅಲ್ಲೂ ಒಂದು ಕಾಲದಲ್ಲಿ ಅದರಲ್ಲೇ ಸುತ್ತಿ ಕೊಡುತ್ತಿದ್ದರಂತೆ, ಈಗ ಬಿಳಿ ಕಾಗದ. ಉಪ್ಪು ಉದುರಿಸುವುದು ಬಿಸಿ ಇರುವಾಗಲೇ. ಮಾಲ್ಟ್ ವಿನೆಗರ್ ಚಿಮುಕಿಸುವುದು ತಿನ್ನುವ ಕ್ಷಣದಲ್ಲಿ. ನಮ್ಮಲ್ಲಿ ಅದು ಸಿಗದಿದ್ದರೆ ಲಿಂಬೆ ಹಿಂಡಿ.

ಅಂಗಡಿಗಳಲ್ಲಿ ಹೆಚ್ಚಿನವರು ಬಿಯರ್ ಹಾಕುವುದೇ ಇಲ್ಲ ಅಂತ ಆಮೇಲೆ ಗೊತ್ತಾಯಿತು. ಮೈದಾ, ನೀರು, ಉಬ್ಬಲಿಕ್ಕೆ ಏನಾದರೂ ಪುಡಿ, ಅಷ್ಟೇ. ಬಿಯರ್ ಹಿಟ್ಟು ಜಾಸ್ತಿ ಕಾಣುವುದು ಪಬ್ಬುಗಳಲ್ಲಿ, ಮನೆಗಳಲ್ಲಿ. ಮೊದಲ ಅಂಗಡಿ ತೆರೆದದ್ದು 1860ರ ಸುಮಾರಿಗೆ ಲಂಡನ್ನಿನ ಜೋಸೆಫ್ ಮ್ಯಾಲಿನ್ನೋ, 1863ರ ಹೊತ್ತಿಗೆ ಲ್ಯಾಂಕಶೈರಿನ ಜಾನ್ ಲೀಸೋ ಅಂತ ಅವರಲ್ಲಿ ಇನ್ನೂ ಜಗಳವಿದೆ. ಮೀನನ್ನು ಹಿಟ್ಟಿನಲ್ಲಿ ಕರಿಯುವುದನ್ನು ಅಲ್ಲಿಗೆ ತಂದವರು ಸ್ಪೇನ್, ಪೋರ್ಚುಗಲ್ ಕಡೆಯಿಂದ ಬಂದ ಯಹೂದಿಗಳಂತೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಣ್ಣೆ, ಸಕ್ಕರೆ, ಮಾಂಸ ಎಲ್ಲ ರೇಷನ್, ಮೀನು-ಚಿಪ್ಸಿಗೆ ಮಾತ್ರ ರೇಷನ್ ಇರಲಿಲ್ಲ. ಪಕ್ಕದ ಮನೆಯ ಅಜ್ಜಿ ಇದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು. ಅಲ್ಲಿಗೆ ಹೋಗುವ ನಮ್ಮವರಿಗೆ ಒಂದು ಮಾತು: ಯಾರ್ಕ್‌ಶೈರಿನ ಎಷ್ಟೋ ಅಂಗಡಿಗಳು ದನದ ಕೊಬ್ಬಿನಲ್ಲಿ ಕರಿಯುತ್ತವೆ. ತಿನ್ನದವರು ಮೊದಲೇ ಕೇಳಿಕೊಳ್ಳಿ. ನಮ್ಮ ಅಳಿಯ ದೂರದ ಅಂಗಡಿಗೆ ಹೋಗುತ್ತಿದ್ದದ್ದು ಇದಕ್ಕೇ.

ಬಿಯರ್ ಬೇಡದ ಮನೆಯವರು ಏನು ಮಾಡಬೇಕು? ಕರಿದರೆ ಮದ್ಯವೆಲ್ಲ ಹಾರಿ ಹೋಗುತ್ತದೆ ಅಂತ ಸುಮ್ನೆ ಹೇಳುತ್ತಾರೆ, ಪೂರ್ತಿ ಹೋಗುವುದಿಲ್ಲ. ವ್ರತ, ಔಷಧಿ, ಬಸುರಿ ಅಂತ ಇದ್ದರೆ ತಣ್ಣಗಿನ ಸೋಡಾ ಹಾಕಿ, ಒಂದು ಚಮಚ ವಿನೆಗರ್ ಸೇರಿಸಿ. ಬಣ್ಣ ಸ್ವಲ್ಪ ಪೇಲವ, ಪರಿಮಳ ಕಡಿಮೆ, ಗರಿಗರಿಗೆ ಏನೂ ಕೊರತೆ ಇಲ್ಲ. ನನ್ನ ಮಗಳಿಗೆ ಬಾಣಂತನ ಮುಗಿಯುವವರೆಗೆ ನಾನು ಕೊಟ್ಟದ್ದು ಇದನ್ನೇ, ಅವಳಿಗೆ ವ್ಯತ್ಯಾಸ ಗೊತ್ತಾಗಲಿಲ್ಲ.

ಚಿಪ್ಸಿಗೆ ಹಳೆಯ, ಹಿಟ್ಟು ಹಿಟ್ಟಾಗಿರುವ ಬಟಾಟೆ. ಎರಡು ಸಲ ಕರಿಯಿರಿ, ಮೊದಲು ಸಣ್ಣ ಬಿಸಿಗೆ ಬೇಯುವಷ್ಟು, ಆರಿದ ಮೇಲೆ ಜೋರು ಬಿಸಿಗೆ ಬಣ್ಣ ಬರುವಷ್ಟು. ಮೀನು ಕೊನೆಗೆ. ಚಿಪ್ಸ್ ಕಾಯಬಹುದು, ಮೀನು ಕಾಯುವುದಿಲ್ಲ. ಕರಿದ ಎಣ್ಣೆಯನ್ನು ಸೋಸಿಟ್ಟು ಇನ್ನೊಮ್ಮೆ ಮೀನಿಗೇ ಬಳಸಿ, ಹಪ್ಪಳಕ್ಕೆ ಬೇಡ.

ಬಾಣಲೆಯಲ್ಲಿ ಉದುರಿದ ಹಿಟ್ಟಿನ ಚೂರುಗಳನ್ನು ಮಾತ್ರ ಎಸೆಯಬೇಡಿ. ಯಾರ್ಕ್‌ಶೈರಿನಲ್ಲಿ ಅದಕ್ಕೆ ಸ್ಕ್ರ್ಯಾಪ್ಸ್ ಅನ್ನುತ್ತಾರೆ, ಕೇಳಿದರೆ ಚಿಪ್ಸಿನ ಮೇಲೆ ಸುಮ್ನೆ ಉದುರಿಸಿ ಕೊಡುತ್ತಾರೆ. ನಮ್ಮ ಮನೆಯವರಿಗೆ ಖಾರವಿಲ್ಲದ ಮೀನು ಇವತ್ತಿಗೂ ಮೀನೇ ಅಲ್ಲ. ಆದರೆ ನಾನು ಇದನ್ನು ಮಾಡಿದ ದಿನ ಗಂಜಿ ಬಟ್ಟಲು ಹಿಡಿದು ಒಲೆಯ ಪಕ್ಕ ಬಂದು ನಿಲ್ಲುತ್ತಾರೆ, ಆ ಚೂರಿಗೆ. ಬಿಯರ್ ಹಾಕಿದ್ದು ಅಂತ ನಾನು ಹೇಳಿಲ್ಲ, ಅವರು ಕೇಳಿಯೂ ಇಲ್ಲ.