ರಕ್ಷಣಾ ಬಜೆಟ್ ಬಗ್ಗೆ ವಾದಿಸುವುದು ಹೇಗೆ? ಶೇಕಡಾ ಬಿಡಿ, ರೂಪಾಯಿ ಹಿಡಿಯಿರಿ

‘ಭಾರತ ತನ್ನ ಸೇನೆಗೆ ಇನ್ನಷ್ಟು ಖರ್ಚು ಮಾಡಬೇಕು.’ ಕಾಲೇಜು ಚರ್ಚಾಸ್ಪರ್ಧೆಗಳಲ್ಲಿ ಸವೆದು ಹೋಗಿರುವ ವಿಷಯವಿದು. ಪರ ಮಾತಾಡುವವರು ಸಿಯಾಚಿನ್ ಹತ್ತುತ್ತಾರೆ, ವಿರೋಧಿಸುವವರು ಸೋರುವ ಶಾಲೆಯ ಕೆಳಗೆ ನಿಲ್ಲುತ್ತಾರೆ. ಬಜೆಟ್ ಪುಸ್ತಕ ತೆರೆದು ನೋಡಿದವರು ಎರಡೂ ಕಡೆ ಅಪರೂಪ. ಒಂದು ಸಂಜೆ ಕೂತರೆ ಸಾಕು, ಆ ಕೆಲಸ ಮುಗಿಯುತ್ತದೆ. ಇಲ್ಲಿರುವ ಲೆಕ್ಕವೆಲ್ಲ 2025-26ರ ಬಜೆಟ್ ಅಂದಾಜಿನದು. ನಿಮ್ಮ ಸ್ಪರ್ಧೆ ಯಾವ ವರ್ಷದ್ದೋ ಆ ವರ್ಷದ ಅಂಕಿ ಹಾಕಿಕೊಂಡು ಇದೇ ಕ್ರಮದಲ್ಲಿ ಮಾಡಿ.

ಹೆಜ್ಜೆ 1: ಯಾವ ಮೊತ್ತದ ಬಗ್ಗೆ ಮಾತು ಎಂದು ಮೊದಲು ನಿಗದಿಪಡಿಸಿ

ರಕ್ಷಣಾ ಸಚಿವಾಲಯಕ್ಕೆ ಆ ವರ್ಷ ಕೊಟ್ಟದ್ದು ₹6,81,210 ಕೋಟಿ, ಅಂದರೆ ಕೇಂದ್ರದ ಒಟ್ಟು ವೆಚ್ಚದ ಶೇ 13.45. ಮೊದಲ ಎಡವಟ್ಟು ಆಗುವುದು ಇಲ್ಲೇ. 2014-15ರ ರಕ್ಷಣಾ ಬಜೆಟ್ ಎಂದು ಪತ್ರಿಕೆಗಳಲ್ಲಿ ಬಂದದ್ದು ₹2.29 ಲಕ್ಷ ಕೋಟಿ. ಎರಡನ್ನೂ ಪಕ್ಕಪಕ್ಕ ಇಟ್ಟು ‘ಮೂರು ಪಟ್ಟು ಏರಿದೆ’ ಎಂದು ಹೇಳುವವರಿದ್ದಾರೆ. ಆದರೆ ಹಳೆಯ ಮೊತ್ತದಲ್ಲಿ ಪಿಂಚಣಿ ಇರಲಿಲ್ಲ, ಹೊಸದರಲ್ಲಿ ಇದೆ. ಪಿಂಚಣಿಯನ್ನೂ ಸಚಿವಾಲಯದ ಸಿವಿಲ್ ವೆಚ್ಚವನ್ನೂ ತೆಗೆದರೆ 2025-26ರ ಮೊತ್ತ ಸುಮಾರು ₹4.92 ಲಕ್ಷ ಕೋಟಿಗೆ ಇಳಿಯುತ್ತದೆ. ಏರಿಕೆ ಎರಡು ಪಟ್ಟಿಗಿಂತ ತುಸು ಹೆಚ್ಚು, ಅಷ್ಟೇ. ಅದರಲ್ಲೂ ಹನ್ನೊಂದು ವರ್ಷದ ಬೆಲೆ ಏರಿಕೆ ಒಂದು ಪಾಲು ತಿಂದಿದೆ.

ಎರಡನೆಯ ಎಡವಟ್ಟು ಗಡಿ ಭದ್ರತಾ ಪಡೆಯದು. ಪಾಕಿಸ್ತಾನದ ಗಡಿ ಕಾಯುವ ಬಿಎಸ್‌ಎಫ್, ಟಿಬೆಟ್ ಗಡಿಯ ಐಟಿಬಿಪಿ ಎರಡೂ ಗೃಹ ಸಚಿವಾಲಯದ ಖರ್ಚು. ರಕ್ಷಣಾ ಬಜೆಟ್ಟಿನಲ್ಲಿ ಅವಕ್ಕೆ ಒಂದು ಪೈಸೆಯೂ ಇಲ್ಲ. ದೇಶದೇಶಗಳ ಸೇನಾ ವೆಚ್ಚದ ಲೆಕ್ಕ ಇಡುವ ಸ್ಟಾಕ್‌ಹೋಮ್‌ನ ಸಿಪ್ರಿ ಸಂಸ್ಥೆ ಮಾತ್ರ ಇಂಥ ಅರೆಸೇನಾ ಪಡೆಗಳನ್ನೂ ಕೂಡಿಸಿ ಲೆಕ್ಕ ಹಾಕುತ್ತದೆ. ಹಾಗಾಗಿಯೇ ಸರ್ಕಾರದ ಲೆಕ್ಕದಲ್ಲಿ ಜಿಡಿಪಿಯ ಶೇ 1.9 ಆಸುಪಾಸಿನಲ್ಲಿರುವುದು ಸಿಪ್ರಿ ಲೆಕ್ಕದಲ್ಲಿ ಶೇ 2.3 ಆಗುತ್ತದೆ. ಯಾವುದನ್ನಾದರೂ ಬಳಸಿ, ಆದರೆ ಒಂದೇ ಭಾಷಣದಲ್ಲಿ ಎರಡನ್ನೂ ಬೆರೆಸಬೇಡಿ. ಎದುರಾಳಿ ಜಾಣನಾದರೆ ನಿಮ್ಮನ್ನು ಬೀಳಿಸಲು ಅದೊಂದೇ ಸಾಕು.

ಹೆಜ್ಜೆ 2: ನಾಲ್ಕು ಗಂಟು ಬಿಚ್ಚಿ

ಕೇಂದ್ರ ಬಜೆಟ್ ಜಾಲತಾಣದ ವೆಚ್ಚ ವಿಭಾಗದಲ್ಲಿ 19ರಿಂದ 22ರವರೆಗಿನ ಅನುದಾನ ಬೇಡಿಕೆಗಳನ್ನು, ಅಂದರೆ ಯಾವ ಬಾಬಿಗೆ ಎಷ್ಟು ಹಣ ಬೇಕೆಂದು ಸರ್ಕಾರ ಸಂಸತ್ತಿನ ಮುಂದಿಡುವ ಪಟ್ಟಿಗಳನ್ನು, ಇಳಿಸಿಕೊಳ್ಳಿ. ಸಚಿವಾಲಯದ ಹಣವೆಲ್ಲ ಈ ನಾಲ್ಕರಲ್ಲೇ ಇದೆ. (ಲೋಕಸಭೆಯಲ್ಲಿ ಎಷ್ಟೋ ಬೇಡಿಕೆಗಳು ಚರ್ಚೆಯೇ ಇಲ್ಲದೆ ಒಟ್ಟಿಗೆ ಪಾಸಾಗುತ್ತವೆ. ನೀವಾದರೂ ಚರ್ಚಿಸಿ.)

ಸಿವಿಲ್ ವೆಚ್ಚ ₹28,683 ಕೋಟಿ. ಗಡಿ ರಸ್ತೆ, ಕರಾವಳಿ ಕಾವಲು ಪಡೆ ಇತ್ಯಾದಿ ಇದರಲ್ಲಿ ಬರುತ್ತವೆ. ಒಟ್ಟಿನ ಶೇ 4ರಷ್ಟು ಮಾತ್ರ, ಹೆಚ್ಚು ತಲೆ ಕೆಡಿಸಿಕೊಳ್ಳುವುದು ಬೇಡ.

ರಾಜಸ್ವ ವೆಚ್ಚ ₹3,11,732 ಕೋಟಿ. ಸಂಬಳ, ರೇಷನ್, ಇಂಧನ, ಮದ್ದುಗುಂಡು, ಬಿಡಿಭಾಗ, ದುರಸ್ತಿ. ಇದನ್ನು ‘ಅನುತ್ಪಾದಕ’ ಎಂದು ತಳ್ಳಿಹಾಕುವ ಚಾಳಿ ಇದೆ. ಬಿಡಿಭಾಗವಿಲ್ಲದ ವಿಮಾನ ಹ್ಯಾಂಗರ್‌ನಲ್ಲಿ ಕೂತಿರುತ್ತದೆ, ಗುಂಡಿಲ್ಲದ ಫಿರಂಗಿ ಮೆರವಣಿಗೆಗೆ ಮಾತ್ರ ಲಾಯಕ್ಕು. ಸಂಬಳದ ಪಾಲನ್ನೂ ಸಿದ್ಧತೆಯ ಪಾಲನ್ನೂ ಬೇರೆ ಬೇರೆ ಬರೆದಿಟ್ಟುಕೊಂಡು ಆಮೇಲೆ ಮಾತಾಡಿ.

ಬಂಡವಾಳ ವೆಚ್ಚ ₹1,80,000 ಕೋಟಿ. ಹೊಸ ವಿಮಾನ, ಹಡಗು, ಟ್ಯಾಂಕು, ಕಟ್ಟಡ, ಜಮೀನು ಇದರಡಿ ಬರುತ್ತವೆ. ಇದರಲ್ಲಿ ಆಧುನೀಕರಣಕ್ಕೆ ಮೀಸಲಾದದ್ದು ₹1,48,722 ಕೋಟಿ. ಆ ಪಾಲಿನ ಮುಕ್ಕಾಲು ಭಾಗ ದೇಶೀಯ ಖರೀದಿಗೆ.

ಪಿಂಚಣಿ ₹1,60,795 ಕೋಟಿ. ಆ ವರ್ಷ ಹೊಸ ಆಯುಧಕ್ಕೆ, ಅಂದರೆ ಆಧುನೀಕರಣಕ್ಕೆ, ಇಟ್ಟದ್ದಕ್ಕಿಂತ ಹೆಚ್ಚು ಹಣ ಪಿಂಚಣಿಗೆ ಹೋಯಿತು ಎಂಬುದೇ ಇಡೀ ಚರ್ಚೆಯ ನಡುಗಂಬ. ಒಬ್ಬರೂ ಅದನ್ನು ಮುಟ್ಟುವುದಿಲ್ಲ. ಇದರಲ್ಲಿ ನಿವೃತ್ತ ಸೈನಿಕರಷ್ಟೇ ಅಲ್ಲ, ರಕ್ಷಣಾ ಇಲಾಖೆಯ ನಿವೃತ್ತ ಸಿವಿಲ್ ನೌಕರರೂ ಇದ್ದಾರೆ. 2014ರ ಜುಲೈ 1ರಿಂದ ಜಾರಿಯಾದ ‘ಒಂದು ಶ್ರೇಣಿ, ಒಂದು ಪಿಂಚಣಿ’ಯಡಿ (ಒಂದೇ ಶ್ರೇಣಿಯಲ್ಲಿ ಅಷ್ಟೇ ವರ್ಷ ದುಡಿದವರಿಗೆ, ಯಾವಾಗ ನಿವೃತ್ತರಾಗಿದ್ದರೂ, ಒಂದೇ ಪಿಂಚಣಿ) ಐದು ವರ್ಷಕ್ಕೊಮ್ಮೆ ಮೊತ್ತ ಪರಿಷ್ಕರಣೆಯಾಗುತ್ತದೆ.

‘ಅಗ್ನಿಪಥದಿಂದ ಪಿಂಚಣಿ ಉಳಿಯಿತಲ್ಲ’ ಎಂದು ಯಾರಾದರೂ ಎದ್ದೇ ಏಳುತ್ತಾರೆ. ಉತ್ತರ ಸಿದ್ಧವಿರಲಿ. ಸೈನಿಕರನ್ನು ಪಿಂಚಣಿಯಿಲ್ಲದೆ ನಾಲ್ಕು ವರ್ಷಕ್ಕೆ ಸೇರಿಸಿಕೊಳ್ಳುವ ಈ ಯೋಜನೆ ಬಂದದ್ದು 2022ರಲ್ಲಿ. ಹಳೆಯ ಪದ್ಧತಿಯಲ್ಲಿ ಸೈನಿಕನಿಗೆ ಪಿಂಚಣಿ ಸಿಗಲು 15 ವರ್ಷ ಸೇವೆ ಆಗಬೇಕಿತ್ತು. ಅಂದರೆ ಆಗ ಸೇರಿದವರು ಪಿಂಚಣಿ ಪಟ್ಟಿಗೆ ಬರುತ್ತಿದ್ದುದೇ 2037ರ ಸುಮಾರಿಗೆ. ಅಲ್ಲಿಯವರೆಗೆ ಪಿಂಚಣಿಯಲ್ಲಿ ಕಾಣುವ ಉಳಿತಾಯ ಹೆಚ್ಚುಕಡಿಮೆ ಸೊನ್ನೆ.

ಹೆಜ್ಜೆ 3: ಶೇಕಡಾವಾರನ್ನು ರೂಪಾಯಿಗೆ ಇಳಿಸಿ

ಜಿಡಿಪಿಯ ಶೇ 3ರಷ್ಟು ರಕ್ಷಣೆಗೆ ಹೋಗಬೇಕು ಎಂಬುದು ಹಳೆಯ ಬೇಡಿಕೆ, ಸಂಸದೀಯ ಸ್ಥಾಯಿ ಸಮಿತಿಯೂ ಹೇಳಿದೆ. ಕೇಳಲು ಸಣ್ಣದು, ಗುಣಿಸಿ ನೋಡಿ. 2025-26ರ ಅಂದಾಜು ಜಿಡಿಪಿ ಸುಮಾರು ₹357 ಲಕ್ಷ ಕೋಟಿ. ಅದರ ಶೇ 3 ಎಂದರೆ ₹10.7 ಲಕ್ಷ ಕೋಟಿ. ಆ ವರ್ಷದ ₹6.81 ಲಕ್ಷ ಕೋಟಿ ಕಳೆದರೆ ಹೆಚ್ಚುವರಿ ಬೇಕಾದದ್ದು ₹3.9 ಲಕ್ಷ ಕೋಟಿ, ಅದೂ ಪ್ರತಿ ವರ್ಷ.

ಎಲ್ಲಿಂದ ತರುತ್ತೀರಿ? ಅದೇ ವರ್ಷ ಕೇಂದ್ರದ ಶಿಕ್ಷಣ ಸಚಿವಾಲಯಕ್ಕೆ ಸುಮಾರು ₹1.29 ಲಕ್ಷ ಕೋಟಿ, ಆರೋಗ್ಯ ಸಚಿವಾಲಯಕ್ಕೆ ಸುಮಾರು ₹1 ಲಕ್ಷ ಕೋಟಿ, ನರೇಗಾಕ್ಕೆ ₹86,000 ಕೋಟಿ. ಮೂರನ್ನೂ ಪೂರ್ತಿ ಮುಚ್ಚಿದರೂ ₹3.15 ಲಕ್ಷ ಕೋಟಿಯಷ್ಟೇ ಆಗುತ್ತದೆ. ಸಾಲ ಮಾಡೋಣ ಎಂದರೆ ವಿತ್ತೀಯ ಕೊರತೆ ಆಗಲೇ ಜಿಡಿಪಿಯ ಶೇ 4.4, ಬಡ್ಡಿಗೇ ವರ್ಷಕ್ಕೆ ₹12.76 ಲಕ್ಷ ಕೋಟಿ. ತೆರಿಗೆ ಏರಿಸೋಣ ಎಂದರೆ, ಆ ವರ್ಷದ ಆದಾಯ ತೆರಿಗೆ ವಿನಾಯಿತಿಯಿಂದ ಸರ್ಕಾರ ಬಿಟ್ಟುಕೊಟ್ಟದ್ದು ಸುಮಾರು ₹1 ಲಕ್ಷ ಕೋಟಿ. ಅದರ ನಾಲ್ಕು ಪಟ್ಟು ಬೇಕು.

ಪರ ವಾದಿಸುವವರು ಕೈಚೆಲ್ಲಬೇಕಿಲ್ಲ. ಶೇ 3 ಬಿಟ್ಟು ‘ಬಂಡವಾಳ ವೆಚ್ಚಕ್ಕೆ ಐದು ವರ್ಷ ತಲಾ ₹50,000 ಕೋಟಿ ಹೆಚ್ಚುವರಿ, ಇಂಥ ಕೆಲಸಕ್ಕೆ’ ಎಂದು ಕೇಳಿ. ಅಂಥ ಬೇಡಿಕೆಯನ್ನು ನಗೆಯಾಡಿ ತಳ್ಳುವುದು ಕಷ್ಟ.

ಹೆಜ್ಜೆ 4: ಚೀನಾದ ಜೊತೆ ಹೋಲಿಸುವಾಗ

ಸಿಪ್ರಿ ಪ್ರಕಾರ 2024ರಲ್ಲಿ ಭಾರತದ ವೆಚ್ಚ 86.1 ಶತಕೋಟಿ ಡಾಲರ್, ಚೀನಾದ್ದು ಅಂದಾಜು 314 ಶತಕೋಟಿ. ಮೂರೂವರೆ ಪಟ್ಟಿಗೂ ಮೇಲು. ಆದರೆ ಜಿಡಿಪಿ ಪಾಲಿನಲ್ಲಿ ಚೀನಾದ್ದು ಶೇ 1.7, ನಮ್ಮದು ಶೇ 2.3. ಶೇಕಡಾವಾರು ನಂಬಿದರೆ ನಾವೇ ಮುಂದೆ! ಯುದ್ಧದಲ್ಲಿರುವ ಉಕ್ರೇನ್ ಶೇ 34 ಖರ್ಚು ಮಾಡಿತು, ಅದೇನು ಅದರ ಇಷ್ಟವಲ್ಲ. 2025ರ ಜೂನ್‌ನಲ್ಲಿ ಹೇಗ್‌ನಲ್ಲಿ ನೇಟೊ ಒಪ್ಪಿದ ಶೇ 5ನ್ನು ಎದುರಾಳಿ ಎತ್ತಿದರೆ ಬಿಡಿಸಿ ಕೇಳಿ: ಅದರಲ್ಲಿ ನೇರ ಸೇನಾ ವೆಚ್ಚ ಶೇ 3.5 ಮಾತ್ರ, ಗಡುವು 2035.

ಡಾಲರ್ ಹೋಲಿಕೆಗೂ ಒಂದು ಮಿತಿ ಇದೆ. ಭಾರತದಲ್ಲಿ ಸೈನಿಕನ ಸಂಬಳ, ಊಟ ರೂಪಾಯಿಯಲ್ಲಿ ಅಗ್ಗ. ವಿದೇಶಿ ಕ್ಷಿಪಣಿ, ಎಂಜಿನ್ ಮಾತ್ರ ಡಾಲರ್ ಬೆಲೆಗೇ ಬರಬೇಕು.

ಹೆಜ್ಜೆ 5: ಕೊಟ್ಟ ಹಣ ಖರ್ಚಾಗುತ್ತದೆಯೇ?

ಬಜೆಟ್ ಅಂದಾಜಿನ ಪಕ್ಕದಲ್ಲೇ ಪರಿಷ್ಕೃತ ಅಂದಾಜಿನ ಸಾಲು ಇರುತ್ತದೆ. 2024-25ರಲ್ಲಿ ಬಂಡವಾಳಕ್ಕೆ ₹1,72,000 ಕೋಟಿ ಇಟ್ಟಿದ್ದರು. ಪರಿಷ್ಕರಿಸಿದಾಗ ಅದು ₹1,59,500 ಕೋಟಿಗೆ ಇಳಿಯಿತು. ಹನ್ನೆರಡೂವರೆ ಸಾವಿರ ಕೋಟಿ ಬಳಕೆಯಾಗಲಿಲ್ಲ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ, ಬೆಂಗಳೂರಿನ ಎಚ್‌ಎಎಲ್ ಸಾಕು. 2021ರ ಫೆಬ್ರುವರಿಯಲ್ಲಿ 83 ತೇಜಸ್ ಮಾರ್ಕ್ 1ಎ ವಿಮಾನಗಳಿಗೆ ಸುಮಾರು ₹48,000 ಕೋಟಿಯ ಒಪ್ಪಂದವಾಯಿತು. ಮೊದಲ ವಿಮಾನ 2024ರ ಮಾರ್ಚ್‌ಗೆ ಬರಬೇಕಿತ್ತು. ಅದಕ್ಕೆ ಬೇಕಾದ ಅಮೆರಿಕದ ಎಫ್404 ಎಂಜಿನ್‌ಗಳ ಪೈಕಿ ಮೊದಲನೆಯದು ಕೈಸೇರಿದ್ದೇ 2025ರ ಮಾರ್ಚ್‌ನಲ್ಲಿ. ಇಂಥ ಒಪ್ಪಂದಗಳಲ್ಲಿ ಹಣ ಕೆಲಸದ ಹಂತಕ್ಕೆ ತಕ್ಕಂತೆ ಬಿಡುಗಡೆಯಾಗುವುದರಿಂದ, ಕೆಲಸ ನಿಂತರೆ ಆ ವರ್ಷದ ಹಣ ಖಜಾನೆಗೆ ವಾಪಸ್. ಹೀಗೆ ವರ್ಷಾಂತ್ಯಕ್ಕೆ ಲ್ಯಾಪ್ಸ್ ಆಗದ ಪ್ರತ್ಯೇಕ ನಿಧಿ ಬೇಕೆಂದು 15ನೇ ಹಣಕಾಸು ಆಯೋಗ ಶಿಫಾರಸು ಮಾಡಿತ್ತು. ಪರ-ವಿರೋಧ ಇಬ್ಬರೂ ಬಳಸಬಹುದಾದ ಅಂಶವಿದು: ವಿರೋಧಿಗಳಿಗೆ ‘ಇದ್ದದ್ದನ್ನೇ ಖರ್ಚು ಮಾಡಿಲ್ಲ’, ಪರ ಇರುವವರಿಗೆ ‘ದೋಷ ಮೊತ್ತದ್ದಲ್ಲ, ವರ್ಷಾಂತ್ಯದ ನಿಯಮದ್ದು’.

‘ರಕ್ಷಣಾ ವೆಚ್ಚ ಎಂದರೆ ಉದ್ಯೋಗ’ ಎಂಬ ವಾದಕ್ಕೆ ಕರ್ನಾಟಕದಲ್ಲಿ ಚಪ್ಪಾಳೆ ಸುಲಭ. 2025ರ ಮಾರ್ಚ್‌ನಲ್ಲಿ ಸಹಿಯಾದ 156 ‘ಪ್ರಚಂಡ್’ ಹೆಲಿಕಾಪ್ಟರ್‌ಗಳ ₹62,700 ಕೋಟಿಯ ಕೆಲಸ ಬೆಂಗಳೂರು, ತುಮಕೂರು ಘಟಕಗಳಿಗೆ ಬಂತು. ಹೇಳಿ, ಆದರೆ ಅಳೆದು ಹೇಳಿ. ಸಂಬಳ, ಪಿಂಚಣಿ ಏರಿದರೆ ತುಮಕೂರಿನಲ್ಲಿ ಒಂದು ಯಂತ್ರವೂ ಹೆಚ್ಚು ತಿರುಗುವುದಿಲ್ಲ. ಈ ವಾದ ನಿಲ್ಲುವುದು ದೇಶೀಯ ಖರೀದಿಯ ಪಾಲಿನ ಮೇಲೆ ಮಾತ್ರ, ಅದರಲ್ಲೂ ಹೊರಗಿನಿಂದ ಬರುವ ಎಂಜಿನ್‌ನ ಬೆಲೆ ಕಳೆಯಬೇಕು.

ಹೆಜ್ಜೆ 6: ನಾಲ್ಕು ನಿಮಿಷಕ್ಕೆ ಹೊಂದಿಸಿ

ಒಂದು ಪೋಸ್ಟ್‌ಕಾರ್ಡ್ ಅಗಲದ ಹಾಳೆಯಲ್ಲಿ ಐದೇ ಸಂಖ್ಯೆ ಬರೆಯಿರಿ, ಆರನೆಯದು ಕೇಳುಗರ ತಲೆಯಲ್ಲಿ ನಿಲ್ಲದು. ಮೊದಲ ನಿಮಿಷದಲ್ಲೇ ಯಾವ ವರ್ಷ, ಯಾವ ಮೊತ್ತ, ಪಿಂಚಣಿ ಸೇರಿದೆಯೋ ಇಲ್ಲವೋ ಹೇಳಿಬಿಡಿ. ಎರಡನೆಯ ಮತ್ತು ಮೂರನೆಯ ನಿಮಿಷ ಒಂದೇ ಗಂಟಿನ ಮೇಲೆ: ಇಲ್ಲಿ ಇಷ್ಟು ಕೂಡಿಸಿ ಅಥವಾ ಇಷ್ಟು ಕಡಿತ ಮಾಡಿ, ಹಣದ ಮೂಲ ಇದು, ಇದರಿಂದ ಬರುವ ತೊಂದರೆ ಇದು. ಕೊನೆಯ ನಿಮಿಷ ಖಂಡನೆಗೆ. ಕಡಿತ ಕೇಳುವವರು ಪಿಂಚಣಿ, ಸಂಬಳಕ್ಕೆ ಕೈ ಹಾಕಲಾಗದು, ಉಳಿಯುವುದು ಆಯುಧ ಮತ್ತು ಬಿಡಿಭಾಗ. ಹೆಚ್ಚಳ ಕೇಳುವವರಿಗೆ ತೀರ್ಪುಗಾರರು ಕೇಳುವ ಪ್ರಶ್ನೆ ಖಚಿತ: ‘ಆ ಹಣದಲ್ಲಿ ಏನು ಕೊಳ್ಳುತ್ತೀರಿ, ಯಾವ ವರ್ಷ ಕೈಗೆ ಬರುತ್ತದೆ?’