ಬೇರೆ ದೇಶದ ಮಗುವನ್ನು ದತ್ತು ಪಡೆಯುವಾಗ ಮೊದಲು ತಾರೀಖುಗಳ ಲೆಕ್ಕ ಹಾಕಿ

ಅಂತರರಾಷ್ಟ್ರೀಯ ದತ್ತು ಅಂದ ಕೂಡಲೇ ಎಲ್ಲರೂ ಕೇಳುವುದು, ಯಾವ ಯಾವ ಕಾಗದ ಬೇಕು ಅಂತ. ಆ ಪಟ್ಟಿ ಏಜೆನ್ಸಿಯಿಂದ ಸಿಗುತ್ತದೆ. ಜನ ಎಡವುವುದು ತಾರೀಖಿನಲ್ಲಿ. ಮದುವೆ ಪ್ರಮಾಣಪತ್ರ ಸಾಮಾನ್ಯವಾಗಿ ಹಳತಾಗುವುದಿಲ್ಲ, ಆದರೆ ಪೊಲೀಸ್ ಪ್ರಮಾಣಪತ್ರ, ವೈದ್ಯಕೀಯ ವರದಿ, ಸಂಬಳದ ಪತ್ರ, ಹೋಮ್ ಸ್ಟಡಿ ವರದಿ (ನಿಮ್ಮ ಮನೆ, ಸಂಸಾರ ನೋಡಿ ಬರೆಯುವ ವರದಿ) ಇವೆಲ್ಲಕ್ಕೂ ಅವಧಿ ಇರುತ್ತದೆ, ಮತ್ತು ಮಗುವಿನ ದೇಶ ಕೇಳುವ ಅವಧಿಯೂ ನಿಮ್ಮ ದೇಶ ಕೇಳುವ ಅವಧಿಯೂ ಒಂದೇ ಆಗಿರಬೇಕಿಲ್ಲ. ಎಲ್ಲಕ್ಕೂ ಒಂದೇ ವಾರದಲ್ಲಿ ಅರ್ಜಿ ಹಾಕಿದರೆ, ಕೊನೇ ಕಾಗದ ಕೈಗೆ ಬರುವಷ್ಟರಲ್ಲಿ ಮೊದಲು ಸಿಕ್ಕಿದ್ದು ಅವಧಿ ಮೀರಿರಬಹುದು. ಹಾಗಾಗಿ ತಡವಾಗಿ ಸಿಗುವುದನ್ನು ಮತ್ತು ಹಳತಾಗದ್ದನ್ನು ಮೊದಲು ಮಾಡಿಸಿ, ಬೇಗ ಹಳತಾಗುವುದನ್ನು ಕೊನೆಗೆ ಇಟ್ಟುಕೊಳ್ಳಿ. ಒಂದು ಹಾಳೆಯಲ್ಲಿ ಕಾಗದದ ಹೆಸರು, ಸಿಕ್ಕ ದಿನ, ಮುಗಿಯುವ ದಿನ ಬರೆದು ಕಣ್ಣಿಗೆ ಕಾಣುವ ಕಡೆ ಅಂಟಿಸಿ.

ಇನ್ನೊಂದು ವಿಷಯ ಹೆಸರು. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಎಲ್ಲ ಕಾಗದದಲ್ಲೂ ಅಕ್ಷರಶಃ ಹಾಗೇ ಇರಬೇಕು. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಪೂರ್ತಿ ಹೆಸರು ಇದ್ದರೆ ಈಗಲೇ ಸರಿಮಾಡಿಸಿ, ಆಗದಿದ್ದರೆ ಎರಡೂ ಹೆಸರು ಒಬ್ಬರದ್ದೇ ಅಂತ ಅಫಿಡವಿಟ್ ಮಾಡಿಸಿ. ಅಪೊಸ್ಟಿಲ್ (ಕಾಗದ ಬೇರೆ ದೇಶದಲ್ಲಿ ನಡೆಯಲಿ ಅಂತ ಸರ್ಕಾರ ಹಾಕುವ ದೃಢೀಕರಣ) ಆದಮೇಲೆ ತಪ್ಪು ಕಂಡರೆ ಮತ್ತೆ ಮೊದಲಿನಿಂದ ಶುರು. ಎರಡೂ ದೇಶಗಳು 1961ರ ಅಪೊಸ್ಟಿಲ್ ಒಪ್ಪಂದದಲ್ಲಿದ್ದರೆ ಸಾಮಾನ್ಯವಾಗಿ ಆ ಒಂದು ದೃಢೀಕರಣ ಸಾಕು. ಇಲ್ಲದಿದ್ದರೆ ರಾಯಭಾರ ಕಚೇರಿಯ ಮುದ್ರೆಯೂ ಬೇಕಾಗುತ್ತದೆ, ಅದಕ್ಕೆ ಸಮಯ ಜಾಸ್ತಿ ಇಟ್ಟುಕೊಳ್ಳಿ. ಅಪೊಸ್ಟಿಲ್ ಪುಟವನ್ನು ಝೆರಾಕ್ಸ್ ಮಾಡಲಿಕ್ಕೆ ಅಂತ ಪಿನ್ ಬಿಚ್ಚಬೇಡಿ, ಬಿಚ್ಚಿದ ಕಾಗದವನ್ನು ತಿರಸ್ಕರಿಸಬಹುದು.

ಎರಡೂ ದೇಶಗಳು 1993ರ ಹೇಗ್ ದತ್ತು ಒಪ್ಪಂದಕ್ಕೆ ಸೇರಿದ್ದರೆ ಹೆಜ್ಜೆಗಳ ಕ್ರಮ ಅದರಲ್ಲೇ ಇದೆ. ಮೊದಲು ನಿಮ್ಮ ಬಗ್ಗೆ ವರದಿ ಹೋಗುತ್ತದೆ, ಆಮೇಲೆ ಮಗುವಿನ ವರದಿ ಬರುತ್ತದೆ, ಎರಡೂ ಕಡೆಯ ಕೇಂದ್ರ ಪ್ರಾಧಿಕಾರಗಳು, ಅಂದರೆ ಆಯಾ ದೇಶದಲ್ಲಿ ದತ್ತು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಗಳು, ಒಪ್ಪಿದ ಮೇಲೆಯೇ ಮಗುವನ್ನು ನಿಮಗೆ ಒಪ್ಪಿಸುವುದು. "ಈ ಹೆಜ್ಜೆ ಬಿಟ್ಟು ಬೇಗ ಮಾಡಿಕೊಡುತ್ತೇವೆ" ಅಂತ ಯಾರಾದರೂ ಹೇಳಿದರೆ ಅವರಿಂದ ದೂರ ಇರಿ. ಈ ಒಪ್ಪಂದ ಬಂದದ್ದೇ ಮಕ್ಕಳ ಮಾರಾಟ, ಕಳ್ಳಸಾಗಣೆ ತಡೆಯಲಿಕ್ಕೆ. ದತ್ತು ಮುಗಿದ ಮೇಲೆ ಅದರ 23ನೇ ವಿಧಿಯ ಪ್ರಮಾಣಪತ್ರ ಕೇಳಿ ಪಡೆಯಿರಿ, ಒಪ್ಪಂದದಲ್ಲಿರುವ ಬೇರೆ ದೇಶಗಳು ನಿಮ್ಮ ದತ್ತನ್ನು ಒಪ್ಪಿಕೊಳ್ಳುವುದು ಅದರ ಆಧಾರದ ಮೇಲೆ.

ಈಗ ನಿಮ್ಮ ವೈದ್ಯಕೀಯ ವರದಿ. ಸಕ್ಕರೆ ಕಾಯಿಲೆಯೋ, ಬಿಪಿಯೋ, ಹಿಂದೆ ಖಿನ್ನತೆಗೆ ಔಷಧಿ ತೆಗೆದುಕೊಂಡದ್ದೋ ಇದ್ದರೆ ಮುಚ್ಚಿಡಬೇಡಿ. ಮುಚ್ಚಿಟ್ಟದ್ದು ಆಮೇಲೆ ಗೊತ್ತಾದರೆ ಕಾಯಿಲೆಗಿಂತ ಅದೇ ದೊಡ್ಡ ತೊಂದರೆ. ಈಗ ಹತೋಟಿಯಲ್ಲಿದೆ, ಮಗು ಸಾಕಲಿಕ್ಕೆ ಅಡ್ಡಿಯಿಲ್ಲ ಅಂತ ನಿಮ್ಮನ್ನು ನೋಡುವ ವೈದ್ಯರಿಂದಲೇ ಪತ್ರ ಬರೆಸಿಕೊಳ್ಳಿ. ಕ್ಲಿನಿಕ್‌ನಿಂದ ಹೊರಡುವ ಮುಂಚೆ ಸಹಿ, ತಾರೀಖು, ವೈದ್ಯರ ನೋಂದಣಿ ಸಂಖ್ಯೆ ಇವೆಯಾ ನೋಡಿ. ನಮ್ಮ ಫಾರ್ಮ್ ಒಂದು ತಾರೀಖಿಲ್ಲ ಅಂತ ವಾಪಸ್ ಬಂದು ಒಂದು ತಿಂಗಳು ಹೋಯಿತು, ಆ ತಿಂಗಳು ನನಗೆ ಇನ್ನೂ ನೆನಪಿದೆ. ಟಿಬಿ ಚರ್ಮದ ಪರೀಕ್ಷೆ ಮಾಡಿಸಿದರೆ 48ರಿಂದ 72 ಗಂಟೆಯೊಳಗೆ ಮತ್ತೆ ಹೋಗಿ ತೋರಿಸಬೇಕು, ರಜೆಯ ಹಿಂದಿನ ದಿನ ಮಾಡಿಸಬೇಡಿ. ಬಿಸಿಜಿ ಲಸಿಕೆ ಆದವರಿಗೆ ಅದು ಸುಮ್ನೆ ಪಾಸಿಟಿವ್ ತೋರಿಸಬಹುದು, ರಕ್ತಪರೀಕ್ಷೆ ನಡೆಯುತ್ತದಾ ಕೇಳಿ.

ಮಗುವಿನ ವರದಿ ಬಂದಾಗ ಕೈ ನಡುಗುತ್ತದೆ, ಫೋಟೋ ನೋಡಿದ ಕೂಡಲೇ ಮನಸ್ಸು ಹೂಂ ಅಂದುಬಿಡುತ್ತದೆ. ಆದರೂ ಓದಲು ಸಮಯ ಕೇಳಿ. ದತ್ತು ಮಕ್ಕಳನ್ನು ನೋಡಿ ಅನುಭವ ಇರುವ ಮಕ್ಕಳ ವೈದ್ಯರಿಗೆ ಕಳಿಸಿ. ತೂಕ, ಎತ್ತರ, ತಲೆಯ ಸುತ್ತಳತೆ ಒಂದು ಸಲದ್ದಷ್ಟೇ ಇದ್ದರೆ ಸಾಲದು, ಬೇರೆ ಬೇರೆ ತಿಂಗಳಿನದ್ದು ಬೇಕು, ಬೆಳವಣಿಗೆ ಯಾವ ಕಡೆ ಸಾಗಿದೆ ಅನ್ನುವುದು ಆಗಲೇ ಗೊತ್ತಾಗುವುದು. ಅನಾಥಾಲಯದಂಥ ಸಂಸ್ಥೆಯಲ್ಲಿ ಬೆಳೆದ ಮಕ್ಕಳು ಸುಮಾರು ಮೂರು ತಿಂಗಳಿಗೆ ಒಂದು ತಿಂಗಳಿನಷ್ಟು ಎತ್ತರದಲ್ಲಿ ಹಿಂದೆ ಬೀಳುತ್ತಾರೆ ಅಂತ ವೈದ್ಯರು ಲೆಕ್ಕ ಹೇಳುತ್ತಾರೆ. ಮನೆಗೆ ಬಂದ ಮೇಲೆ ಎತ್ತರ, ತೂಕ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತವೆ, ಹಿಂದೆ ಬಿದ್ದದ್ದನ್ನು ನೋಡಿ ಹೆದರಬೇಡಿ. ತಲೆಯ ಸುತ್ತಳತೆ ಮಾತ್ರ ತುಂಬಾ ಕಡಿಮೆ ಇದ್ದರೆ ಹೆಚ್ಚು ವಿಚಾರಿಸಬೇಕು. ಮುಖದ ನೇರ ಫೋಟೋ ಮತ್ತು ಮಗು ಆಡುವ ವಿಡಿಯೋ ಕೇಳಿ. ಮಗು ಹೊಟ್ಟೆಯಲ್ಲಿದ್ದಾಗ ತಾಯಿ ಮದ್ಯ ಸೇವಿಸಿದ್ದರ ಗುರುತು ಕೆಲವು ಮಕ್ಕಳ ಮುಖದಲ್ಲಿ ಕಾಣಬಹುದು, ಅದನ್ನು ವೈದ್ಯರಷ್ಟೇ ಹೇಳಬೇಕು. ಈ ಮಗುವನ್ನು ನೋಡಿಕೊಳ್ಳುವುದು ನಮ್ಮಿಂದ ಆಗುವುದಿಲ್ಲ ಅಂತ ಅನಿಸಿದರೆ ಹೇಳಿಬಿಡಿ. ಅದು ನೋವಿನ ಮಾತು ನಿಜ, ಆದರೆ ಮಗುವಿಗೆ ಬೇಕಾದ ಮನೆ ಬೇರೆ ಇರಬಹುದು ಅಲ್ವಾ.

ವೀಸಾಗೆ ಮಗುವಿನ ಪರೀಕ್ಷೆಯನ್ನು ಸಾಮಾನ್ಯವಾಗಿ ರಾಯಭಾರ ಕಚೇರಿ ಒಪ್ಪಿದ ವೈದ್ಯರೇ ಮಾಡಬೇಕು. ಟಿಬಿ ಅನುಮಾನ ಬಂದು ಕಫವನ್ನು ಕಲ್ಚರ್‌ಗೆ (ರೋಗಾಣು ಬೆಳೆಯುತ್ತದಾ ನೋಡುವ ಪರೀಕ್ಷೆಗೆ) ಕಳಿಸಿದರೆ ಉತ್ತರಕ್ಕೆ 8 ವಾರದವರೆಗೂ ಆಗಬಹುದು, ವಾಪಸ್ ಟಿಕೆಟ್ ಬದಲಾಯಿಸಲು ಬರುವಂಥದ್ದೇ ತೆಗೆದುಕೊಳ್ಳಿ. ವೈದ್ಯರು ಅಂಟಿಸಿಕೊಟ್ಟ ಲಕೋಟೆಯನ್ನು ತೆರೆಯಬೇಡಿ, ನಿಮಗೆ ಬೇರೆ ಪ್ರತಿ ಕೇಳಿ.

ಊರಿಗೆ ಬಂದ ಮೊದಲ ವಾರಗಳಲ್ಲೇ ಮಕ್ಕಳ ವೈದ್ಯರಲ್ಲಿ ಎಲ್ಲವನ್ನೂ ಮತ್ತೆ ಪರೀಕ್ಷಿಸಿ: ಹೆಪಟೈಟಿಸ್ ಬಿ ಮತ್ತು ಸಿ, ಎಚ್‌ಐವಿ, ಸಿಫಿಲಿಸ್, ಟಿಬಿ, ಹೊಟ್ಟೆಯ ಹುಳು, ರಕ್ತಹೀನತೆ, ರಕ್ತದಲ್ಲಿ ಸೀಸ, ಕಿವಿ, ಕಣ್ಣು. ಕೆಲವನ್ನು ಆರು ತಿಂಗಳ ಹೊತ್ತಿಗೆ ಮತ್ತೆ ಮಾಡಬೇಕಾಗುತ್ತದೆ. ಲಸಿಕೆ ಪುಸ್ತಕ ನಂಬಲು ಆಗದಿದ್ದರೆ ರಕ್ತದಲ್ಲಿ ಪ್ರತಿಕಾಯ (ಲಸಿಕೆಯಿಂದ ಹುಟ್ಟುವ ರಕ್ಷಣೆ) ಇದೆಯಾ ನೋಡಬಹುದು, ಇಲ್ಲವೇ ಮತ್ತೆ ಹಾಕಿಸಬಹುದು.

ಎಲ್ಲ ಕಾಗದಗಳ ಒಂದು ಪೂರ್ತಿ ಪ್ರತಿಯನ್ನು ಮಗುವಿನ ಹೆಸರಲ್ಲೇ ಬೇರೆ ಫೈಲಿನಲ್ಲಿಡಿ. ಹೆತ್ತವರ ಬಗ್ಗೆ ಬಂದ ಒಂದು ಸಾಲನ್ನೂ ಬಿಡಬೇಡಿ, ಮುಂದೊಂದು ದಿನ ಅದನ್ನು ಕೇಳುವುದು ಮಗುವೇ.