ಕಾವೇರಿ ಹುಟ್ಟುವ ಕಣಿವೆಯಲ್ಲಿ ಟ್ರೇಲ್ ಓಟ: ಎಲ್ಲಿ, ಯಾವಾಗ, ಹೇಗೆ

ಕಬ್ಬನ್ ಪಾರ್ಕಿನಲ್ಲಿ ಒಂದು ಗಂಟೆಗೆ 10 ಕಿ.ಮೀ. ಓಡುವವರು ಕೊಡಗಿಗೆ ಟ್ರೇಲ್ ಓಟಕ್ಕೆ, ಅಂದರೆ ಕಾಡು ಬೆಟ್ಟದ ಮಣ್ಣುದಾರಿಯ ಓಟಕ್ಕೆ, ಬಂದಾಗಲೂ ಅದೇ ಲೆಕ್ಕ ಹಾಕುತ್ತಾರೆ. ಇಲ್ಲಿ ಅದು ನಡೆಯುವುದಿಲ್ಲ. ಏರು, ಕೆಸರು, ಮಂಜು, ಆನೆ, ಅರಣ್ಯ ಇಲಾಖೆಯ ಗೇಟು, ಇವೆಲ್ಲ ಸೇರಿ ನಿಮ್ಮ ಓಟ ಎಷ್ಟು ಹೊತ್ತಿನದು ಎಂದು ತೀರ್ಮಾನ ಮಾಡುತ್ತವೆ. ಹಾಗಾಗಿ ಮೊದಲ ಮಾತು ಇಷ್ಟೇ: ಈ ಕಣಿವೆಯಲ್ಲಿ ಕಿಲೋಮೀಟರ್ ಬಿಡಿ, ಗಂಟೆ ಲೆಕ್ಕ ಹಾಕಿ. ಎಷ್ಟಕ್ಕೆ ಹೊರಡಬೇಕು, ಎಷ್ಟಕ್ಕೆ ವಾಪಸ್ ತಿರುಗಬೇಕು, ಬೆಳಕು ಎಲ್ಲಿವರೆಗೆ ಇರುತ್ತದೆ. ಇದನ್ನು ಹಿಂದಿನ ರಾತ್ರಿಯೇ ಬರೆದಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು.

ನಾನು ಹೇಳುತ್ತಿರುವುದು ಕೊಡಗಿನ ಪಶ್ಚಿಮದ ಅಂಚು. ಭಾಗಮಂಡಲ, ನಾಪೋಕ್ಲು, ಕಕ್ಕಬ್ಬೆ, ಚೆಯ್ಯಂಡಾಣೆ. ಬೆಟ್ಟದ ಮೇಲೆ ಶೋಲಾ (ಗುಡ್ಡದ ಮಡಿಕೆಗಳಲ್ಲಿ ಬೆಳೆಯುವ ಗಿಡ್ಡ ಮರಗಳ ದಟ್ಟ ಕಾಡು) ಮತ್ತು ಹುಲ್ಲುಗಾವಲು, ಅದರ ಕೆಳಗೆ ಕಾಫಿ ತೋಟ, ಇನ್ನೂ ಕೆಳಗೆ ಗದ್ದೆ ಮತ್ತು ಹೊಳೆ. ಕಕ್ಕಬ್ಬೆ ಹೊಳೆ ಇಲ್ಲಿಂದ ಇಳಿದು ಕಾವೇರಿಗೆ ಸೇರುತ್ತದೆ. ಎಲ್ಲಿ ನೋಡಿದರೂ ಒಂದು ಕೊಲ್ಲಿ (ಸಣ್ಣ ತೊರೆ), ಒಂದು ತೋಟ, ಒಂದು ಏರು. ಓಡಲು ಇದಕ್ಕಿಂತ ಚೆಂದದ ಜಾಗ ನಮ್ಮ ರಾಜ್ಯದಲ್ಲಿ ನನಗಂತೂ ಗೊತ್ತಿಲ್ಲ.

ಯಾವಾಗ ಬರಬೇಕು? ಅಕ್ಟೋಬರ್ ಕೊನೆಯಿಂದ ಜನವರಿವರೆಗೆ. ಮಳೆ ನಿಂತಿರುತ್ತದೆ, ಕೊಲ್ಲಿಗಳಲ್ಲಿ ನೀರು ಇರುತ್ತದೆ, ಬಿಸಿಲು ಸುಡುವುದಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬಿದ್ದರೆ ಕಾಫಿ ತೋಟ ಪೂರ್ತಿ ಬಿಳಿ ಹೂವು, ಆ ವಾಸನೆಯಲ್ಲಿ ಓಡುವ ಖುಷಿಯೇ ಬೇರೆ. ಆದರೆ ಬೇಸಿಗೆ ಏರಿದ ಹಾಗೆ ಕಾಡಿನಲ್ಲಿ ಬೆಂಕಿಯ ಭಯ ಜಾಸ್ತಿ, ಅರಣ್ಯ ಇಲಾಖೆ ದಾರಿಗಳನ್ನು ಮುಚ್ಚುವುದೂ ಉಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಟ್ಟದ ದಾರಿ ಬೇಡವೇ ಬೇಡ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತ ಎಷ್ಟು ಕಡೆ ಗುಡ್ಡ ಕುಸಿಯಿತು, 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲೇ ಬೆಟ್ಟ ಜಾರಿ ಅರ್ಚಕರ ಕುಟುಂಬವೇ ಮಣ್ಣಿನಡಿ ಹೋಯಿತು. ಮಳೆಗಾಲದ ಫೋಟೋ ನೋಡಿ ಆಸೆಯಾಗುತ್ತದೆ ನಿಜ, ಆದರೂ ಬೇಡ.

ಮೊದಲ ದಿನ ಸುಲಭದ ದಾರಿ ಹಿಡಿಯಿರಿ. ಕಕ್ಕಬ್ಬೆಯಿಂದ ಪಾಡಿ ಇಗ್ಗುತಪ್ಪ ದೇವಸ್ಥಾನದ ಕಡೆಗೆ ಹೋಗುವ ರಸ್ತೆ ನನ್ನ ಆಯ್ಕೆ. ಟಾರು ರಸ್ತೆಯೇ, ಆದರೆ ವಾಹನ ಕಡಿಮೆ, ಎರಡೂ ಕಡೆ ತೋಟ, ನೆರಳು. ಏರು ಇದೆ, ಕೊಲ್ಲುವಷ್ಟು ಇಲ್ಲ. ಇಗ್ಗುತಪ್ಪ ಕೊಡವರಿಗೆ ಮಳೆ ಬೆಳೆಯ ದೇವರು, ಸುಗ್ಗಿಯ ಪುತ್ತರಿ ಹಬ್ಬದ ಮುಹೂರ್ತ ಇಡುವುದೂ ಇಲ್ಲೇ. ಶಾರ್ಟ್ಸ್, ಬೆವರಿನ ಬನಿಯನ್ನಿನಲ್ಲಿ ಒಳಗೆ ನುಗ್ಗಬೇಡಿ. ಕೆಳಗೇ ನಿಂತು ಕೈಮುಗಿದು ತಿರುಗಿ, ದರ್ಶನಕ್ಕೆ ಸ್ನಾನ ಮಾಡಿ ಇನ್ನೊಮ್ಮೆ ಬನ್ನಿ. ಒಂದೂವರೆ ಗಂಟೆ ಇಟ್ಟುಕೊಂಡರೆ ಸಾಕು. ಈ ಓಟದ ಮುಖ್ಯ ಕೆಲಸ ನಿಮ್ಮ ಕಾಲಿಗೆ ಏರು ಇಳಿಜಾರಿನ ಪರಿಚಯ ಮಾಡಿಸುವುದು, ಹಾಗಾಗಿ ವೇಗ ನೋಡಬೇಡಿ.

ಏರು ಅಭ್ಯಾಸಕ್ಕೇ ಬಂದವರಿಗೆ ಭಾಗಮಂಡಲದಿಂದ ತಲಕಾವೇರಿಯ ರಸ್ತೆ ಇದೆ. 8 ಕಿ.ಮೀ. ಹತ್ತಿರ, ಮೇಲೆ ತಲಕಾವೇರಿ 1,276 ಮೀಟರ್ ಎತ್ತರ. ಕಾವೇರಿ, ಕನ್ನಿಕೆ, ಸುಜ್ಯೋತಿ ಸೇರುವ ಸಂಗಮದ ಹತ್ತಿರ ಶುರು ಮಾಡಿ, ಒಂದೇ ಸಮನೆ ಹತ್ತುತ್ತಾ ಹೋಗಬೇಕು. ಕಾಲಿಗೆ ಮಣ್ಣು ಸಿಗದ ಕಾರಣ ಟ್ರೇಲ್ ಎನ್ನಲು ಬರುವುದಿಲ್ಲ, ಆದರೆ ಉಸಿರು ಹಿಡಿತಕ್ಕೆ ಬರಲು ಒಳ್ಳೆಯ ದಾರಿ. ತಿರುವುಗಳಲ್ಲಿ ಬಸ್ಸು ಬರುತ್ತದೆ, ಎದುರಿನ ವಾಹನ ಕಾಣುವ ಬದಿಯಲ್ಲೇ ಓಡಿ. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣದ ದಿನಗಳಲ್ಲಿ ಆ ಕಡೆ ಸುಳಿಯಬೇಡಿ, ಕುಂಡಿಕೆಯಲ್ಲಿ ಕಾವೇರಿ ಉಕ್ಕುವ ತೀರ್ಥೋದ್ಭವಕ್ಕೆ ಬಂದ ಜನಸಾಗರದಲ್ಲಿ ಓಡಲೂ ಆಗುವುದಿಲ್ಲ, ಓಡುವುದು ಸರಿಯೂ ಅಲ್ಲ.

ಈಗ ನಿಜವಾದ ಓಟಕ್ಕೆ ಬರೋಣ. ತಡಿಯಂಡಮೋಳ್. 1,748 ಮೀಟರ್, ಕೊಡಗಿನ ಅತಿ ಎತ್ತರದ ಬೆಟ್ಟ. ಶುರು ನಾಲ್ಕುನಾಡು ಅರಮನೆಯಿಂದ. ದೊಡ್ಡವೀರರಾಜೇಂದ್ರ 1792ರ ಸುಮಾರಿಗೆ ಕಟ್ಟಿಸಲು ಶುರು ಮಾಡಿದ ಮನೆ ಇದು, ಮರದ ಕೆತ್ತನೆ ನೋಡಲು ವಾಪಸ್ ಬರುವಾಗ ಹತ್ತು ನಿಮಿಷ ಕೊಡಿ. ಅರಮನೆಯಿಂದ ತುದಿಗೆ ಸುಮಾರು 7 ಕಿ.ಮೀ. ಆಗುತ್ತದೆ, ಹೋಗಿ ಬರಲು 14. ಮೊದಲ ಸಲದವರು 4 ಗಂಟೆ ಇಟ್ಟುಕೊಳ್ಳಿ, ಅದರಲ್ಲಿ ನಾಚಿಕೆ ಏನಿಲ್ಲ.

ಮೊದಲ ಭಾಗ ತೋಟದ ನಡುವಿನ ರಸ್ತೆ. ಇಲ್ಲೇ ಎಲ್ಲರೂ ಜೋರಾಗಿ ಓಡಿ ಸುಸ್ತಾಗುವುದು. ಸಮತಟ್ಟಿದ್ದರೆ ಓಡಿ, ಏರು ಬಂದ ಕೂಡಲೇ ನಡೆಯಿರಿ. ಆಮೇಲೆ ಜೀಪು ಹೋಗುವ ಕಲ್ಲುದಾರಿ, ಅದಾದ ಮೇಲೆ ಕಾಡು. ಕಾಡಿನೊಳಗೆ ಬೇರು, ಒದ್ದೆ ಎಲೆ, ಪಾಚಿ ಹಿಡಿದ ಕಲ್ಲು, ಹಾಗಾಗಿ ಕಣ್ಣು ಪಾದದ ಮೇಲಲ್ಲ, ಮೂರು ನಾಲ್ಕು ಮೀಟರ್ ಮುಂದೆ ಇರಲಿ. ಕಾಡು ದಾಟಿದರೆ ಹುಲ್ಲುಗಾವಲು, ಕೊನೆಯ ಏರು ತುಂಬಾ ಕಡಿದು. ಇಲ್ಲಿ ಓಡುವ ಮಾತೇ ಇಲ್ಲ. ಕೈಯನ್ನು ಮಂಡಿಯ ಮೇಲಿಟ್ಟು, ಚಿಕ್ಕ ಚಿಕ್ಕ ಹೆಜ್ಜೆ ಹಾಕಿ ಹತ್ತಿ. ಮಂಜು ಬಂದು ಮುಂದಿನವರ ಬೆನ್ನು ಕಾಣದೇ ಹೋದರೆ ಅಲ್ಲೇ ಕೂರಿ, ಕಾದು ನೋಡಿ, ತಿಳಿಯಾಗದಿದ್ದರೆ ವಾಪಸ್. ತುದಿಯಲ್ಲಿ ಬದಿಗೆ ಬೇಲಿ ಗೀಲಿ ಏನೂ ಇಲ್ಲ.

ಜನ ಬೀಳುವುದು ಹತ್ತುವಾಗ ಅಲ್ಲ, ಇಳಿಯುವಾಗ. ಹೆದರಿ ಹಿಂದಕ್ಕೆ ಬಾಗಿದರೆ ಹಿಮ್ಮಡಿ ಜಾರುತ್ತದೆ. ಮಂಡಿ ಸ್ವಲ್ಪ ಮಡಚಿ, ಮೈ ಇಳಿಜಾರಿನ ಕಡೆಗೇ ಇರಲಿ, ಹೆಜ್ಜೆ ಚಿಕ್ಕದು, ಬೇಗ ಬೇಗ. ಕೈ ಎರಡೂ ಬದಿಗೆ ಬಿಡಿ, ಸಮತೋಲಕ್ಕೆ. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಒಂದೇ ಸಮನೆ ಬ್ರೇಕ್ ಹಾಕುತ್ತಿರುತ್ತದೆ, ಮರುದಿನದ ನೋವು ಅದರದ್ದೇ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಇದೆ, ಅದನ್ನು ಹತ್ತುವುದರ ಜತೆ ಇಳಿಯುವುದನ್ನೂ ಅಭ್ಯಾಸ ಮಾಡಿ. ಬೆಂಗಳೂರಿನವರು ಅಪಾರ್ಟ್‌ಮೆಂಟಿನ ಮೆಟ್ಟಿಲು ಹಿಡಿಯಿರಿ. ಬರುವ ಒಂದೂವರೆ ತಿಂಗಳ ಮೊದಲೇ ಶುರು ಮಾಡಿದರೆ ಒಳ್ಳೆಯದು.

ದಯವಿಟ್ಟು ಅಡ್ಡದಾರಿ ಹಿಡಿಯಬೇಡಿ. ತಿರುವು ಸುತ್ತುವ ಬದಲು ಹುಲ್ಲಿನ ಮೇಲೆ ನೇರ ಇಳಿದರೆ ನಿಮಗೆ ಒಂದು ನಿಮಿಷ ಉಳಿಯಬಹುದು, ಆದರೆ ಮುಂದಿನ ಮಳೆಗೆ ಅದೇ ಗೆರೆಯಲ್ಲಿ ನೀರು ಹರಿದು ಮಣ್ಣು ಕೊರೆದು ಹೋಗುತ್ತದೆ. ಆ ಹುಲ್ಲು ಮತ್ತು ಶೋಲಾ ಮಳೆ ನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವುದರಿಂದಲೇ ಬೇಸಿಗೆಯಲ್ಲೂ ಹೊಳೆಯಲ್ಲಿ ನೀರು ಇರುವುದು.

ತಡಿಯಂಡಮೋಳ್‌ಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅರಣ್ಯ ವಿಹಾರ ವೆಬ್‌ಸೈಟಿನಲ್ಲಿ ಮೊದಲೇ ಬುಕ್ ಮಾಡಿ, ಗುರುತಿನ ಚೀಟಿ ಇಟ್ಟುಕೊಳ್ಳಿ, ಗೇಟು ತೆರೆಯುವ ಮತ್ತು ವಾಪಸ್ ಬರಬೇಕಾದ ಸಮಯ ನೋಡಿಕೊಳ್ಳಿ. ಶನಿವಾರ ಭಾನುವಾರ ದಾರಿಯಲ್ಲಿ ಜನ ಜಾಸ್ತಿ, ಆಗುವುದಾದರೆ ವಾರದ ಮಧ್ಯೆ ಬನ್ನಿ. ಗೈಡ್ ಜತೆಗಿದ್ದರೆ ಅವರ ವೇಗಕ್ಕೇ ಹೋಗಿ, ಬಿಟ್ಟು ಮುಂದೆ ಓಡಬೇಡಿ. ಮೇಲೆ ಟೆಂಟ್ ಹಾಕುವಂತಿಲ್ಲ. ನಡೆಯುವವರನ್ನು ದಾಟುವಾಗ ದೂರದಿಂದಲೇ ಒಂದು ಮಾತು ಹೇಳಿ, ಹಿಂದಿನಿಂದ ದಡದಡ ಬಂದರೆ ಬೆಚ್ಚಿ ಬೀಳುತ್ತಾರೆ.

ತೋಟದ ಮಣ್ಣುದಾರಿಗಳ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮ್ಯಾಪಿನಲ್ಲಿ ದಾರಿ ಕಂಡಿತು ಅಂತ ಸುಮ್ನೆ ನುಗ್ಗಬೇಡಿ, ಅದು ಯಾರದ್ದೋ ಮನೆ ಅಂಗಳಕ್ಕೆ ಹೋಗಿ ನಿಲ್ಲುತ್ತದೆ. ಉಳಿದುಕೊಂಡ ಹೋಮ್‌ಸ್ಟೇಯವರನ್ನು ಕೇಳಿ, ಯಾವ ತೋಟದಲ್ಲಿ ಓಡಬಹುದು, ಯಾವ ಕಡೆ ನಾಯಿ ಬಿಟ್ಟಿರುತ್ತಾರೆ, ಎಲ್ಲಿ ಸೋಲಾರ್ ಬೇಲಿ ಇದೆ ಅಂತ ಅವರಿಗೇ ಗೊತ್ತು. ನವೆಂಬರ್‌ನಿಂದ ಕಾಫಿ ಕೊಯ್ಲು, ಕಣದಲ್ಲಿ ಹರಡಿದ ಹಣ್ಣಿನ ಮೇಲೆ ಕಾಲಿಡಬೇಡಿ, ಕೆಲಸದವರಿಗೆ ದಾರಿ ಬಿಡಿ. ದೇವರಕಾಡಿನ (ಊರಿನವರು ದೇವರ ಹೆಸರಲ್ಲಿ ಉಳಿಸಿದ ಕಾಡು) ಹತ್ತಿರ ಹೋದರೆ ಹೊರಗಿನಿಂದಲೇ ನೋಡಿ. ಕೊಡಗಿನಲ್ಲಿ ಇಂಥವು ಸಾವಿರಕ್ಕೂ ಹೆಚ್ಚಿವೆ, ಪ್ರತಿ ಊರಿಗೂ ಅದರದ್ದೇ ಕಟ್ಟುಪಾಡು.

ಆನೆ ವಿಷಯದಲ್ಲಿ ಧೈರ್ಯ ತೋರಿಸಬೇಡಿ. ಬೆಳಕು ಹರಿಯುವ ಮೊದಲು, ಸಂಜೆ ಐದೂವರೆ ಮೇಲೆ ತೋಟದಲ್ಲೂ ಓಡಬೇಡಿ, ಕಾಡಿನಲ್ಲೂ ಬೇಡ. ಹಲಸಿನ ಕಾಲದಲ್ಲಿ ಹಣ್ಣಿಗೆ ಆನೆ ತೋಟಕ್ಕೇ ಬರುತ್ತದೆ. ಹಸಿ ಲದ್ದಿ, ಈಗಷ್ಟೇ ಮುರಿದ ಬೈನೆ ಮರ ಅಥವಾ ಬಾಳೆ ಕಂಡರೆ ಬಂದ ದಾರಿಯಲ್ಲೇ ಹಿಂದಿರುಗಿ. ಇಯರ್‌ಫೋನ್ ಬ್ಯಾಗಿನಲ್ಲೇ ಇರಲಿ. ಒಬ್ಬರೇ ಹೋಗಬೇಡಿ, ಇಬ್ಬರು ಮೂವರು ಮಾತಾಡಿಕೊಂಡು ಹೋಗಿ.

ಮಳೆ ಬಿಟ್ಟ ಹೊಸತರಲ್ಲಿ ಇಂಬಳ (ಜಿಗಣೆ) ಇದ್ದೇ ಇರುತ್ತದೆ. ಉದ್ದ ಸಾಕ್ಸ್ ಹಾಕಿ, ಮೇಲೆ ಹೊಗೆಸೊಪ್ಪಿನ ಪುಡಿಯೋ ಸುಣ್ಣವೋ ಸವರಿ. ಕಚ್ಚಿದ್ದನ್ನು ಕಿತ್ತು ಎಳೆಯಬೇಡಿ, ಉಪ್ಪು ಹಾಕಿದರೆ ತಾನೇ ಬೀಳುತ್ತದೆ. ಬಂಡೆಯಲ್ಲಿ ಹೆಜ್ಜೇನು ಕಂಡರೆ ಸದ್ದು ಮಾಡದೆ ದೂರದಿಂದ ದಾಟಿ.

ಸಾಮಾನು ಕಡಿಮೆ ಸಾಕು. ಅಡಿಯಲ್ಲಿ ಆಳವಾದ ಹಲ್ಲಿರುವ ಟ್ರೇಲ್ ಶೂ, ರಸ್ತೆಯ ಶೂ ಕೆಂಪು ಮಣ್ಣಿನಲ್ಲಿ ನಿಲ್ಲುವುದೇ ಇಲ್ಲ. ಒಂದೂವರೆ ಲೀಟರ್ ನೀರು, ಓಆರ್‌ಎಸ್, ಬಾಳೆಹಣ್ಣು ಅಥವಾ ಕಡಲೆ ಚಿಕ್ಕಿ, ತೆಳು ಜಾಕೆಟ್, ಕ್ರೇಪ್ ಬ್ಯಾಂಡೇಜ್, ಸೀಟಿ. ಕಾಡಿನಲ್ಲಿ ನೆಟ್‌ವರ್ಕ್ ಸಿಗುತ್ತದೆ ಎಂದು ನಂಬಬೇಡಿ. ಮ್ಯಾಪ್ ಮೊದಲೇ ಇಳಿಸಿಕೊಳ್ಳಿ, ಎಷ್ಟು ಗಂಟೆಗೆ ಬರುತ್ತೇವೆ ಎಂದು ಉಳಿದುಕೊಂಡ ಮನೆಯಲ್ಲಿ ಹೇಳಿ ಹೋಗಿ.

ಚೇಲಾವರ ಜಲಪಾತ ಹತ್ತಿರದಲ್ಲೇ ಇದೆ, ಚೆಯ್ಯಂಡಾಣೆ ಕಡೆಯಿಂದ ಹೋಗಬಹುದು. ಬೆವರಿದ ಮೈಗೆ ನೀರು ಕಂಡರೆ ಇಳಿಯಬೇಕು ಅನಿಸುತ್ತದೆ ಅಲ್ವಾ, ಇಳಿಯಬೇಡಿ. ಅಲ್ಲಿ ಮುಳುಗಿ ಸತ್ತವರಿದ್ದಾರೆ. ದೂರದಿಂದ ನೋಡಿ ಬನ್ನಿ.

ಎರಡು ದಿನ ಮಾತ್ರ ಇದ್ದರೆ ಹೀಗೆ ಮಾಡಿ. ಶುಕ್ರವಾರ ರಾತ್ರಿ ಬೆಂಗಳೂರಿನಿಂದ ವಿರಾಜಪೇಟೆ ಅಥವಾ ಮಡಿಕೇರಿ ಬಸ್ಸು, ಅಲ್ಲಿಂದ ಕಕ್ಕಬ್ಬೆಗೆ ಬೆಳಗಿನ ಬಸ್ಸು ಇಲ್ಲವೇ ಜೀಪು. ಶನಿವಾರ ನಿದ್ದೆ ಮಾಡಿ, ಬಿಸಿಲು ಇಳಿದ ಮೇಲೆ ನಾಲ್ಕು ಗಂಟೆಗೆ ಇಗ್ಗುತಪ್ಪನ ರಸ್ತೆಯಲ್ಲಿ ನಿಧಾನ ಓಡಿ ಐದೂವರೆ ಒಳಗೆ ವಾಪಸ್ ಬನ್ನಿ. ರಾತ್ರಿ ಕಡಂಬುಟ್ಟು (ಅಕ್ಕಿತರಿಯ ಉಂಡೆ), ಅಕ್ಕಿರೊಟ್ಟಿ ಏನು ಸಿಕ್ಕರೂ ಹೊಟ್ಟೆ ತುಂಬಾ ಉಣ್ಣಿ, ಪಂದಿಕರಿಯ ಖಾರ ಮಾತ್ರ ಓಟ ಮುಗಿದ ಮೇಲಕ್ಕೆ ಇಟ್ಟುಕೊಳ್ಳಿ. ಭಾನುವಾರ ಬೆಲ್ಲದ ಕಾಪಿ, ಎರಡು ಬಾಳೆಹಣ್ಣು, ಗೇಟು ತೆರೆದ ಕೂಡಲೇ ತಡಿಯಂಡಮೋಳ್. ಹೊರಟು ಎರಡೂವರೆ ಗಂಟೆ ಆದರೂ ತುದಿ ಸಿಗದಿದ್ದರೆ ಎಲ್ಲಿದ್ದೀರೋ ಅಲ್ಲಿಂದಲೇ ತಿರುಗಿ, ಮಧ್ಯಾಹ್ನದ ಬಸ್ಸಿಗೆ ಅದು ಸರಿಹೋಗುತ್ತದೆ.